ಬಾಲ್ಟಿಕ್ಕಿನ ಚಪ್ಪಟೆ ಮೀನು: ಮೊಟ್ಟೆ ಮೊದಲು, ಜೀನು ಆಮೇಲೆ

ಯುರೋಪಿನ ಫ್ಲೌಂಡರ್ ಎಂಬ ಚಪ್ಪಟೆ ಮೀನು 2017ರಲ್ಲಿ ಇದ್ದಕ್ಕಿದ್ದಂತೆ ಸುದ್ದಿಗೆ ಬಂತು. ಬಾಲ್ಟಿಕ್ ಸಮುದ್ರದಲ್ಲಿ ಅದು ಎರಡು ಪ್ರಭೇದಗಳಾಗಿ ಬೇರೆಯಾಗಿದೆ, ಈ ಕವಲು ಶುರುವಾಗಿ ಸುಮಾರು 2,400 ತಲೆಮಾರುಗಳಷ್ಟೇ ಕಳೆದಿವೆ, ಕಡಲಿನ ಬೆನ್ನುಮೂಳೆಯ ಜೀವಿಗಳಲ್ಲಿ ಇಷ್ಟು ವೇಗವಾಗಿ ಹೊಸ ಪ್ರಭೇದ ಹುಟ್ಟಿದ ವರದಿ ಬೇರೆ ಇಲ್ಲ ಎಂದು ಹೆಲ್ಸಿಂಕಿಯ ಪಾವೊಲೊ ಮೊಮಿಗ್ಲಿಯಾನೊ, ಯುಹಾ ಮೆರಿಲಾ ಮತ್ತು ಜೊತೆಗಾರರು ಪ್ರಕಟಿಸಿದರು. ಅಂದಿನಿಂದ ವಿಕಾಸದ ವೇಗದ ಮಾತು ಬಂದಲ್ಲೆಲ್ಲ ಈ ಮೀನಿನ ಉದಾಹರಣೆ ಬರುತ್ತದೆ. ಅದರ ಬೆನ್ನಿಗೇ ಒಂದು ಅವಸರದ ತೀರ್ಮಾನವೂ ಹರಡಿದೆ: ಕಡಲು ಬಿಸಿಯಾಗಲಿ, ಉಪ್ಪು ಕಳೆದುಕೊಳ್ಳಲಿ, ಮೀನು ಹೇಗೋ ಹೊಂದಿಕೊಳ್ಳುತ್ತದೆ ಎಂಬುದು. ಈ ಮೀನಿನ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ಕೆಲಸವನ್ನು ಸಾಲಾಗಿ ಓದಿದರೆ ಆ ತೀರ್ಮಾನ ನಿಲ್ಲುವುದಿಲ್ಲ.

ಲಿನೇಯಸ್ 1758ರಲ್ಲಿ ಹೆಸರಿಟ್ಟ ಮೀನುಗಳಲ್ಲಿ ಫ್ಲೌಂಡರ್ ಕೂಡ ಒಂದು. ಕಡಲಿನ ಮೀನಿನಲ್ಲೂ ಊರೂರಿಗೆ ಬೇರೆ ಬಳಗಗಳಿರಬಹುದು ಎಂಬ ಯೋಚನೆ ಬಲವಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಡೆನ್ಮಾರ್ಕಿನ ಪೀಟರ್ಸನ್ ಪ್ಲೇಸ್ ಎಂಬ ಇನ್ನೊಂದು ಚಪ್ಪಟೆ ಮೀನಿಗೆ ಗುರುತಿನ ಬಿಲ್ಲೆ ಕಟ್ಟಿ ಬಿಟ್ಟು, ಅದು ಎಲ್ಲಿ ಸಿಗುತ್ತದೆಂದು ನೋಡಿದರು. ಜರ್ಮನಿಯ ಹೈನ್ಕೆ 1898ರಲ್ಲಿ ಹೆರಿಂಗ್ ಮೀನುಗಳನ್ನು ಅಳೆದು, ಅವುಗಳಲ್ಲಿ ಸ್ಥಳೀಯ ಬಳಗಗಳಿವೆ ಎಂದು ವಾದಿಸಿದರು. 1902ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿ ಹುಟ್ಟಿತು. ಇವೆಲ್ಲ ಗೊತ್ತಿರುವ ಸಂಗತಿಗಳು.

ಹೆಚ್ಚು ಗಮನ ಕೊಡಬೇಕಾದದ್ದು ಮೊಟ್ಟೆಗೆ. ತೆರೆದ ಸಾಗರದಲ್ಲಿ ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲ್ಲಿ ಫ್ಲೌಂಡರ್ ಹಾಕಿದ ಮೊಟ್ಟೆ ತೇಲುತ್ತದೆ. ಬಾಲ್ಟಿಕ್ಕಿನ ನಡುಭಾಗದಲ್ಲಿ ಮೇಲ್ಪದರದ ನೀರಿನ ಉಪ್ಪು ಆರೇಳು ಗ್ರಾಂ ಮಾತ್ರ, ಉತ್ತರಕ್ಕೆ ಹೋದಂತೆ ಇನ್ನೂ ಕಡಿಮೆ. ಅಂಥ ನೀರಿನಲ್ಲಿ ಮೊಟ್ಟೆ ತಳಕ್ಕೆ ಮುಳುಗುತ್ತದೆ. ಗಾಟ್ಲೆಂಡ್, ಬಾರ್ನ್‌ಹಾಮ್ ಸುತ್ತಲಿನ ಆಳದ ಕುಳಿಗಳಲ್ಲಿ ಹೆಚ್ಚು ಉಪ್ಪಿನ ನೀರು ನಿಂತಿರುವುದರಿಂದ ಕೆಲವು ಫ್ಲೌಂಡರ್‌ಗಳು ಅಲ್ಲಿಗೆ ಇಳಿದು ತೇಲುವ ಮೊಟ್ಟೆ ಹಾಕುತ್ತವೆ. ಉಳಿದವು ತೀರದ ಆಳವಿಲ್ಲದ ನೀರಿನಲ್ಲಿ ಸಣ್ಣ, ಭಾರದ ಮೊಟ್ಟೆಯನ್ನು ತಳದಲ್ಲೇ ಹಾಕುತ್ತವೆ. ಫಿನ್ಲೆಂಡ್ ಕೊಲ್ಲಿಯಲ್ಲಿ ತಳಕ್ಕೆ ಕೂರುವ ಈ ಮೊಟ್ಟೆಗಳನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗುರುತಿಸಲಾಗಿತ್ತು.

ನಾರ್ವೆಯ ಪೆರ್ ಸೊಲೆಮ್ಡಾಲ್ ಇದರ ಹಿಂದೆ ಬಿದ್ದರು. 1967ರಲ್ಲಿ ಉಪ್ಪಿನಂಶಕ್ಕೂ ಮೊಟ್ಟೆಯ ತೇಲುವಿಕೆ, ಗಾತ್ರ, ಬೆಳವಣಿಗೆಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಮುಂದೆ ಬಾಲ್ಟಿಕ್ಕಿನ ಚಪ್ಪಟೆ ಮೀನುಗಳನ್ನೇ ಸಾಗರದ ಉಪ್ಪುನೀರಿಗೆ ತಂದು ಸಾಕಿ, ಅವು ಮೊಟ್ಟೆಯಿಡುವುದು ಬದಲಾಗುತ್ತದೆಯೇ ಎಂದು ಬಹುಕಾಲ ನೋಡಿದರು. ಮೊಟ್ಟೆಯ ಗುಣ ಆಯಾ ಬಳಗಕ್ಕೇ ಅಂಟಿಕೊಂಡದ್ದು, ನೀರು ಬದಲಾಯಿಸಿದೊಡನೆ ಬದಲಾಗುವಂಥದ್ದಲ್ಲ ಎಂಬುದು ಅವರ ಕೆಲಸದ ತಿರುಳು. ಗಾಟ್ಲೆಂಡ್ ದ್ವೀಪದಲ್ಲಿ ಆಂಡರ್ಸ್ ನಿಸ್ಲಿಂಗ್ ಇದನ್ನು ಮುಂದುವರಿಸಿದರು. ವಿಧಾನ ಸರಳ. ಉದ್ದನೆಯ ಗಾಜಿನ ಕೊಳವೆಯಲ್ಲಿ ಮೇಲಿನಿಂದ ಕೆಳಕ್ಕೆ ಉಪ್ಪು ಹಂತಹಂತವಾಗಿ ಹೆಚ್ಚುವಂತೆ ನೀರು ತುಂಬಿ ಮೊಟ್ಟೆಗಳನ್ನು ಬಿಡುತ್ತಾರೆ. ಪ್ರತಿ ಮೊಟ್ಟೆಯೂ ಇಳಿಯುತ್ತ ಬಂದು ತನ್ನ ಸಾಂದ್ರತೆಗೆ ಸರಿಹೊಂದುವ ಮಟ್ಟದಲ್ಲಿ ನಿಂತುಬಿಡುತ್ತದೆ. ಮಿಲಿಮೀಟರಿನಷ್ಟು ಅಗಲದ ಆ ಮೊಟ್ಟೆ ಎಲ್ಲಿ ನಿಂತಿತೋ ಅಲ್ಲಿನ ಉಪ್ಪನ್ನು ಓದಿಕೊಂಡರೆ, ತಾಯಿ ಯಾವ ಬಳಗದ್ದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಗಂಡಿನ ವೀರ್ಯಾಣು ಎಷ್ಟು ಉಪ್ಪಿನಲ್ಲಿ ಚಲಿಸುತ್ತದೆ ಎಂಬುದರಲ್ಲೂ ಇದೇ ವ್ಯತ್ಯಾಸ ಕಂಡಿತು. ಇಡೀ ಕ್ಷೇತ್ರದಲ್ಲಿ ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೂರ ಕಂಡ ಕೆಲಸ ಇನ್ನೊಂದಿಲ್ಲ.

ಆನುವಂಶಿಕ ಅಧ್ಯಯನ ಶುರುವಾದಾಗ ಈ ಜ್ಞಾನ ಹಿಂದೆ ಸರಿಯಿತು. ಕಿಣ್ವಗಳ ರೂಪಭೇದ ನೋಡುವ ಕಾಲದಲ್ಲಿ, 1982ರಲ್ಲಿ, ಗಲೆಗಿಯೋಸ್ ಮತ್ತು ವಾರ್ಡ್ ಆಡ್ರಿಯಾಟಿಕ್ ಸಮುದ್ರದ ಫ್ಲೌಂಡರ್ ಪಶ್ಚಿಮ ಯುರೋಪಿನದಕ್ಕಿಂತ ಬೇರೆಯೆಂದು ತೋರಿಸಿದರು. ಹತ್ತಿರದ ಸಮುದ್ರಗಳ ನಡುವೆ ಮಾತ್ರ ವ್ಯತ್ಯಾಸ ಸಿಗುವುದು ಕಷ್ಟವಾಗಿತ್ತು. ಮೈಕ್ರೋಸ್ಯಾಟಲೈಟ್ ಎಂಬ ಡಿಎನ್‌ಎ ಗುರುತುಗಳು ಬಂದ ಮೇಲೂ ಹಾಗೆಯೇ: 2002ರಲ್ಲಿ ಗಲಿಸ್ ಹೊರಾವ್ ತಂಡ ಉತ್ತರ ಯುರೋಪಿನ ಪ್ಲೇಸ್ ಮೀನನ್ನು ಪರೀಕ್ಷಿಸಿದಾಗ ವಿಶಾಲ ಪ್ರದೇಶದುದ್ದಕ್ಕೂ ಏಕರೂಪತೆಯೇ ಕಂಡಿತು. ಇಂಥ ಫಲಿತಾಂಶಗಳಿಂದ ‘ಎಲ್ಲ ಒಂದೇ ದಾಸ್ತಾನು’ ಎಂಬ ನಂಬಿಕೆ ಮೀನುಗಾರಿಕೆಯ ಆಡಳಿತದಲ್ಲಿ ಬೇರೂರಿತು.

ಅದು ತಪ್ಪು ಓದು. ಕಡಲ ಮೀನಿನ ಸಂಖ್ಯೆ ಅಪಾರ. ಸಂಖ್ಯೆ ದೊಡ್ಡದಿದ್ದಷ್ಟೂ ಕಾಕತಾಳೀಯ ಆನುವಂಶಿಕ ಬದಲಾವಣೆ ನಿಧಾನ. ಹಿಮಯುಗ ಮುಗಿದು, ಸುಮಾರು 8,000 ವರ್ಷಗಳ ಹಿಂದೆ ಬಾಲ್ಟಿಕ್ಕಿನ ಸಿಹಿನೀರಿಗೆ ಸಾಗರದ ಉಪ್ಪು ನುಗ್ಗಿದ ಮೇಲಷ್ಟೇ ಇಲ್ಲಿ ನೆಲೆಯೂರಿದ ಮೀನುಗಳು ಪೂರ್ತಿ ಬೇರ್ಪಟ್ಟಿದ್ದರೂ, ಆಯ್ಕೆಯ ಒತ್ತಡ ತಟ್ಟದ, ಅಂದರೆ ತಟಸ್ಥ, ಗುರುತುಗಳಲ್ಲಿ ಒಂದೇ ರೀತಿ ಕಾಣಬಲ್ಲವು. ಗುರುತು ಹೋಲುತ್ತದೆ ಎಂದ ಮಾತ್ರಕ್ಕೆ ಮೀನುಗಳು ಬೆರೆಯುತ್ತಿವೆ ಎಂದಲ್ಲ.

ಈ ಗಂಟನ್ನು ಬಿಡಿಸಿದ್ದು ಸ್ಕ್ಯಾಂಡಿನೇವಿಯಾದ ಸಂಶೋಧಕರು. ಈ ಲೇಖನದ ಒಲವೂ ಅವರ ಕಡೆಗೇ. ಯಾಕೊಬ್ ಹೆಮ್ಮರ್-ಹ್ಯಾನ್ಸನ್ ಮತ್ತು ಐನಾರ್ ನೀಲ್ಸನ್ ತಂಡ 2007ರಲ್ಲಿ ಜೀವಕೋಶದ ಒತ್ತಡಕ್ಕೆ ಸಂಬಂಧಿಸಿದ ಎಚ್‌ಎಸ್‌ಸಿ70 ಎಂಬ ಜೀನನ್ನು ನೋಡಿತು. ತಟಸ್ಥ ಗುರುತುಗಳಲ್ಲಿ ಅತ್ಯಲ್ಪವಾಗಿದ್ದ ವ್ಯತ್ಯಾಸ ಈ ಜೀನಿನಲ್ಲಿ ಎದ್ದು ಕಂಡಿತು. ಅದೇ ವರ್ಷ ಇನ್ನೊಂದು ಡ್ಯಾನಿಶ್ ಅಧ್ಯಯನ ಉತ್ತರ ಸಮುದ್ರದ ಮತ್ತು ಬಾಲ್ಟಿಕ್ಕಿನ ಮೀನುಗಳ ನೀರನ್ನು ಅದಲುಬದಲು ಮಾಡಿ, ಅವುಗಳ ಜೀನುಗಳು ಬೇರೆಬೇರೆಯಾಗಿ ಸ್ಪಂದಿಸುವುದನ್ನು ದಾಖಲಿಸಿತು. 2008ರಲ್ಲಿ ಸ್ವೀಡನ್ನಿನ ಆನ್-ಬ್ರಿಟ್ ಫ್ಲೋರಿನ್ ಮತ್ತು ಯಾಕೊಬ್ ಹೊಗ್ಲುಂಡ್ ಮಾದರಿಗಳನ್ನು ಸ್ಥಳದ ಪ್ರಕಾರವಷ್ಟೇ ಅಲ್ಲದೆ ಮೊಟ್ಟೆಯಿಡುವ ರೀತಿಯ ಪ್ರಕಾರವೂ ವಿಂಗಡಿಸಿದರು. ತೇಲುಮೊಟ್ಟೆಯವಕ್ಕೂ ತಳಮೊಟ್ಟೆಯವಕ್ಕೂ ನಡುವೆ ಗೆರೆ ಕಾಣಿಸಿತು. ಸೊಲೆಮ್ಡಾಲರ ಹಳೆಯ ವಿಂಗಡಣೆಯಿಲ್ಲದೆ ಆ ಗೆರೆ ಸಿಗುತ್ತಿರಲಿಲ್ಲ.

2017ರ ಅಧ್ಯಯನ ಜೀನೋಮಿನುದ್ದಕ್ಕೂ ಸಾವಿರಾರು ಗುರುತುಗಳನ್ನು ನೋಡಿ ಅದೇ ಗೆರೆಯನ್ನು ಗಾಢಗೊಳಿಸಿತು. ಮರುವರ್ಷ ತಳಮೊಟ್ಟೆಯ ಬಳಗಕ್ಕೆ ಪ್ಲಾಟಿಕ್ತಿಸ್ ಸೊಲೆಮ್ಡಾಲಿ ಎಂದು ಹೆಸರಿಟ್ಟರು; ಬಾಲ್ಟಿಕ್ಕಿಗೇ ಸೀಮಿತವೆಂದು ವರ್ಣಿಸಲಾದ ಮೊದಲ ಮೀನು ಅದು. ಬಲೆಯಿಂದ ತೆಗೆದ ಎರಡೂ ಪ್ರಭೇದಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿನಿಂದ ಬೇರ್ಪಡಿಸಲಾಗದು. ಮೊಟ್ಟೆ, ವೀರ್ಯಾಣು, ಇಲ್ಲವೇ ಡಿಎನ್‌ಎ ನೋಡಬೇಕು.

ಇದಕ್ಕಿಂತ ದೊಡ್ಡ ಸುದ್ದಿಯಾಗಬೇಕಿದ್ದದ್ದು 2019ರ ಅಧ್ಯಯನ. ಮೀನಿನ ವಯಸ್ಸು ಎಣಿಸಲೆಂದು ದಶಕಗಳಿಂದ ತೆಗೆದಿಟ್ಟಿದ್ದ ಕಿವಿಗಲ್ಲುಗಳಿಂದ ಡಿಎನ್‌ಎ ಪಡೆದು, ಫಿನ್ಲೆಂಡ್ ಕೊಲ್ಲಿಯಲ್ಲಿ ಹಿಂದೆ ಸಿಗುತ್ತಿದ್ದುದು ಯಾವ ಪ್ರಭೇದ ಎಂದು ಮೊಮಿಗ್ಲಿಯಾನೊ ತಂಡ ಪರೀಕ್ಷಿಸಿತು. 1983ರಲ್ಲಿ ಅಲ್ಲಿ ಬಲೆಗೆ ಬಿದ್ದ ಫ್ಲೌಂಡರ್‌ಗಳ ಬಹುಪಾಲು ತೇಲುಮೊಟ್ಟೆಯ ಪ್ರಭೇದವಾಗಿತ್ತು. 1993ರ ಹೊತ್ತಿಗೆ ಅದು ಹೆಚ್ಚುಕಡಿಮೆ ಕಾಣೆಯಾಗಿತ್ತು. ಆ ಹತ್ತು ವರ್ಷ ಉತ್ತರ ಸಮುದ್ರದಿಂದ ಬಾಲ್ಟಿಕ್ಕಿಗೆ ಉಪ್ಪುನೀರಿನ ದೊಡ್ಡ ಹರಿವು ಬಂದಿರಲಿಲ್ಲ. ಆಳದ ಕುಳಿಗಳಲ್ಲಿ ಉಪ್ಪೂ ಆಮ್ಲಜನಕವೂ ಕುಸಿದಿದ್ದವು. ‘ಫ್ಲೌಂಡರ್ ಕಡಿಮೆಯಾಗಿದೆ’ ಎಂದಷ್ಟೇ ಅಂಕಿಅಂಶ ಹೇಳುತ್ತಿದ್ದಾಗ ಒಂದು ಪ್ರಭೇದವೇ ಕೊಲ್ಲಿ ಬಿಟ್ಟಿತ್ತು. ಹೊಂದಿಕೊಳ್ಳಲು ಸಾವಿರಾರು ವರ್ಷ, ಅಳಿಯಲು ಹತ್ತು: ವೇಗದ ವಿಕಾಸ ಎಂದು ಹಿಗ್ಗುವವರು ಈ ಎರಡನ್ನೂ ಒಟ್ಟಿಗೆ ಓದಬೇಕು.

ಹಳೆಯ ಕಿವಿಗಲ್ಲು ಇನ್ನೂ ಒಂದು ಎಚ್ಚರಿಕೆ ಕೊಟ್ಟಿದೆ. 1924ರಿಂದ ಕೂಡಿಟ್ಟ ಪ್ಲೇಸ್ ಕಿವಿಗಲ್ಲುಗಳ ಮೇಲೆ ಹೊರಾವ್ ತಂಡ 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಉತ್ತರ ಸಮುದ್ರದಲ್ಲಿ ಆನುವಂಶಿಕ ಲೆಕ್ಕಕ್ಕೆ ಬರುವ, ಅಂದರೆ ಮುಂದಿನ ತಲೆಮಾರಿಗೆ ಜೀನು ದಾಟಿಸುವ, ಮೀನುಗಳು ಸುಮಾರು 20,000, ಐಸ್‌ಲ್ಯಾಂಡಿನಲ್ಲಿ 2,000. ಬಲೆಗೆ ಬೀಳುವ ಕೋಟ್ಯಂತರ ಮೀನುಗಳ ಎದುರು ಇದು ಬಹಳ ಸಣ್ಣ ಸಂಖ್ಯೆ. ಗಣಿತ ಮಾದರಿಗಳೂ ದಾರಿ ತಪ್ಪಿಸಬಲ್ಲವು. ಟರ್ಬಟ್ ಎಂಬ ಇನ್ನೊಂದು ಚಪ್ಪಟೆ ಮೀನಿನ ಮೇಲಿನ 2021ರ ಅಧ್ಯಯನದಲ್ಲಿ, ಮೀನಿನ ಸಂಖ್ಯೆಯ ಏರಿಳಿತವನ್ನು ಕೈಬಿಟ್ಟ ಲೆಕ್ಕ ಬಾಲ್ಟಿಕ್ ಹುಟ್ಟುವ ಮೊದಲೇ ಉತ್ತರ ಸಮುದ್ರದ ಮತ್ತು ಬಾಲ್ಟಿಕ್ಕಿನ ಬಳಗಗಳು ಬೇರೆಯಾದವು ಎಂದಿತು. ಏರಿಳಿತ ಸೇರಿಸಿದಾಗ 6,000 ವರ್ಷಕ್ಕಿಂತ ಈಚಿನದು ಎಂದಿತು.

ನಮ್ಮ ಕರಾವಳಿಯ ಚಪ್ಪಟೆ ಮೀನಾದ ನಂಗಿಗೂ ಇಂಥ ಅಧ್ಯಯನದ ಹಿನ್ನೆಲೆಯಿದೆ. ಮಲಬಾರ್ ನಂಗಿನ ಹುರುಪೆಯ ಉಂಗುರಗಳಿಂದ ವಯಸ್ಸು ಎಣಿಸುವ ಬಗ್ಗೆ ಬಿ.ಎಸ್. ಭೀಮಾಚಾರ್ ಮತ್ತು ಜಿ. ಶೇಷಪ್ಪ 1951ರಲ್ಲೇ ಬರೆದರು. ಅಂದು ಅವರು ಬಳಸಿದ ಪ್ರಭೇದದ ಹೆಸರನ್ನು ಇಂದು ಈ ಮೀನಿಗೆ ಬಳಸುವುದಿಲ್ಲ. ಈಗ ಅದು ಸೈನೊಗ್ಲಾಸಸ್ ಮ್ಯಾಕ್ರೊಸ್ಟೋಮಸ್. ಮಳೆಗಾಲದಲ್ಲಿ ಆಳಕ್ಕೆ ಸರಿದು ಸೆಪ್ಟೆಂಬರಿನ ಹೊತ್ತಿಗೆ ತೀರಕ್ಕೆ ಬರುವ ಈ ಮೀನು ಮಲ್ಪೆಯಿಂದ ಕಲ್ಲಿಕೋಟೆಯವರೆಗೆ ಒಂದೇ ಬಳಗವೇ ಎಂಬ ಪ್ರಶ್ನೆಗೆ ಜೀನೋಮ್ ಯಂತ್ರವೊಂದೇ ಸಾಲದು. ಎಲ್ಲಿ, ಯಾವ ಆಳದಲ್ಲಿ ಮೊಟ್ಟೆಯಿಡುತ್ತದೆ ಎಂಬ ನಕ್ಷೆ ಬೇಕು. ಬಂದರಿನಲ್ಲಿ ವಯಸ್ಸಿಗಾಗಿ ತೆಗೆಯುವ ಕಿವಿಗಲ್ಲು, ಹುರುಪೆಗಳನ್ನು ಎಣಿಕೆ ಮುಗಿದ ಮೇಲೆ ಎಸೆಯದೆ, ಊರು, ದಿನಾಂಕ, ಆಳ ಬರೆದು ಒಣ ಲಕೋಟೆಯಲ್ಲಿ ಇಡಬೇಕು. ಅದಕ್ಕೆ ತಗಲುವ ಖರ್ಚು ಒಂದು ಬೀರು ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರ ಸಂಬಳ.