ಟಾಲೆಮಿಯ ಪಟ್ಟಿಯಲ್ಲಿ ಇಂಡಿ, ಹಿಪ್ಪರಗಿ

ವಿಜಯಪುರ ಜಿಲ್ಲೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ ಮತ್ತು ಸಿಂದಗಿ ಭೀಮೆಯ ಕಡೆಗಿವೆ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಕೃಷ್ಣೆಯ ಕಡೆಗಿವೆ. ಜೋಳ, ಹತ್ತಿ, ತೊಗರಿ ಬೆಳೆಯುವ ಈ ಎರೆನೆಲದ ಹೆಸರು ಕೇಳಿದೊಡನೆ ಬಸವಣ್ಣನವರು ನೆನಪಾಗುತ್ತಾರೆ, ಆದಿಲಶಾಹಿಗಳು ನೆನಪಾಗುತ್ತಾರೆ, 1565ರ ತಾಳಿಕೋಟೆಯ ಯುದ್ಧ ನೆನಪಾಗುತ್ತದೆ. ಆದರೆ ಬಸವಣ್ಣನವರಿಗಿಂತ ಸುಮಾರು ಸಾವಿರ ವರ್ಷ ಮೊದಲೇ, ರೋಮ್ ಸಾಮ್ರಾಜ್ಯದ ಪ್ರಜೆಯೊಬ್ಬ ಇಲ್ಲಿಯ ಊರುಗಳ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟಿದ್ದ ಎಂಬ ವಾದವೊಂದು ನೂರು ವರ್ಷಗಳಿಗೂ ಹಿಂದಿನಿಂದ ವಿದ್ವಾಂಸರಲ್ಲಿ ನಡೆದುಬಂದಿದೆ.

ಆತ ಟಾಲೆಮಿ. ಈಜಿಪ್ಟ್ ಆಗ ರೋಮಿನ ಅಧೀನದಲ್ಲಿತ್ತು. ಅಲ್ಲಿಯ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದುಕೊಂಡು ಕ್ರಿ.ಶ. 150ರ ಸುಮಾರಿಗೆ ಆತ ‘ಭೂಗೋಳ’ ಎಂಬ ಗ್ರಂಥವನ್ನು ರಚಿಸಿದ. ಆಗ ತಿಳಿದಿದ್ದ ಪ್ರಪಂಚದ ಸುಮಾರು 8,000 ಸ್ಥಳಗಳ ಹೆಸರನ್ನೂ ಅವುಗಳ ಅಕ್ಷಾಂಶ, ರೇಖಾಂಶಗಳನ್ನೂ ಅದರಲ್ಲಿ ಪಟ್ಟಿಮಾಡಿದ. ಆತ ಭಾರತವನ್ನು ಕಂಡವನಲ್ಲ. ಹಿಂದಿನ ಭೂಗೋಳಜ್ಞರ ಬರಹಗಳೂ ಹಡಗಿನಲ್ಲಿ ಬಂದುಹೋಗುತ್ತಿದ್ದ ವ್ಯಾಪಾರಿಗಳ ಮಾತೂ ಆತನಿಗೆ ಆಧಾರ.

ಈ ಗ್ರಂಥದ ಏಳನೆಯ ಭಾಗದಲ್ಲಿ ಪಶ್ಚಿಮ ಭಾರತದ ಒಳನಾಡಿನ ಊರುಗಳ ಪಟ್ಟಿಯೊಂದಿದೆ. ಅದರಲ್ಲಿ ಇಂದೆ, ಹಿಪ್ಪೊಕೌರ, ಕಲ್ಲಿಗೆರಿಸ್, ಮೊದೊಗೌಲ್ಲ, ಬನವಾಸೆಯ್ ಎಂಬ ಹೆಸರುಗಳು ಬರುತ್ತವೆ. ಕೊನೆಯದು ಬನವಾಸಿ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಉಳಿದವು ಯಾವುವು? ಬ್ರಿಟಿಷರ ಕಾಲದ ಗೆಜೆಟಿಯರುಗಳು ‘ಇಂದೆ’ಯನ್ನು ಇಂಡಿಯೆಂದೂ, ‘ಕಲ್ಲಿಗೆರಿಸ್’ ಅನ್ನು ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ಕಲಕೇರಿಯೆಂದೂ ಗುರುತಿಸಿದವು. ಹಿಪ್ಪೊಕೌರವು ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯೇ ಎಂದು ಕೆಲವು ವಿದ್ವಾಂಸರು ಹೇಳಿದರು. ಮೊದೊಗೌಲ್ಲವೆಂದರೆ ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ರಾಯಚೂರು ಜಿಲ್ಲೆಯ ಮುದಗಲ್ಲು ಎನ್ನಲಾಯಿತು.

ಈ ವಾದ ನಿಜವಾದರೆ ಅದರ ಬೆಲೆ ದೊಡ್ಡದು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಟಾಲೆಮಿಯ ಪಟ್ಟಿ ಅದಕ್ಕಿಂತ 300 ವರ್ಷ ಹಳೆಯದು. ‘ಕಲ್ಲಿಗೆರಿಸ್’ ಎಂಬುದರಲ್ಲಿ ಗ್ರೀಕರ ಬಾಲಾಕ್ಷರವನ್ನು ತೆಗೆದರೆ ಉಳಿಯುವುದು ‘ಕಲ್ಲಿಗೆರಿ’. ‘ಕೇರಿ’ ಎಂಬುದು ಇನ್ನೊಂದು ಪದದ ಮುಂದೆ ಬಂದಾಗ ‘ಗೇರಿ’ ಆಗುವುದು ಕನ್ನಡದ ಸಹಜ ಸಂಧಿ. ಕನ್ನಡಿಗರ ನಾಲಗೆಯ ಈ ತಿರುವು ಎರಡನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯಾಕ್ಕೆ ತಲುಪಿತ್ತೇ ಎಂಬುದು ಯಾರಿಗಾದರೂ ಕುತೂಹಲ ಹುಟ್ಟಿಸುವ ಪ್ರಶ್ನೆ.

ರೋಮಿನವರಿಗೆ ದಖ್ಖನಿನ ಊರುಗಳ ಹೆಸರು ಬೇಕಾದದ್ದು ವ್ಯಾಪಾರಕ್ಕಾಗಿ. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆಯೆಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಹಲುಬಿದ್ದಾನೆ. ಅದೇ ಶತಮಾನದ ಗ್ರೀಕ್ ನಾವಿಕನೊಬ್ಬನ ಕೃತಿ ‘ಪೆರಿಪ್ಲಸ್’, ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿ ತಗರವೆಂಬ ದೊಡ್ಡ ಪಟ್ಟಣವಿದೆಯೆಂದೂ, ಅಲ್ಲಿಂದ ಹತ್ತಿಯ ಬಟ್ಟೆ ಗಾಡಿಗಳಲ್ಲಿ ಭರೂಚ್ ಬಂದರಿಗೆ ಹೋಗುತ್ತದೆಯೆಂದೂ ತಿಳಿಸುತ್ತದೆ. ಆ ತಗರವೇ ಇಂದಿನ ತೇರ್. ಇಂಡಿಯಿಂದ ಉತ್ತರಕ್ಕೆ ಸೊಲ್ಲಾಪುರವನ್ನು ದಾಟಿದರೆ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿ ಅದು ಸಿಗುತ್ತದೆ. ರೋಮಿನ ಪೇಟೆಗೆ ಬಟ್ಟೆ ಕಳಿಸುತ್ತಿದ್ದ ಪಟ್ಟಣ ಈ ಎರೆನೆಲದ ನೆರೆಯಲ್ಲಿಯೇ ಇತ್ತು.

ಆದರೂ ಹೆಸರಿನ ಹೋಲಿಕೆಯನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಟಾಲೆಮಿಯ ನಕ್ಷೆಯಲ್ಲಿ ಭಾರತದ ಪರ್ಯಾಯದ್ವೀಪವೇ ಚಪ್ಪಟೆಯಾಗಿದೆ, ಸಿಂಹಳವು ಇರುವುದಕ್ಕಿಂತ ಹಲವು ಪಟ್ಟು ದೊಡ್ಡದಾಗಿದೆ. ಆದ್ದರಿಂದ ಆತ ಕೊಟ್ಟ ಅಂಕಿಗಳನ್ನು ಹಿಡಿದು ಊರನ್ನು ಹುಡುಕಲಾಗದು. ಇಂದೆ, ಹಿಪ್ಪೊಕೌರಗಳು ‘ಬೆಂಡ ಮತ್ತು ಸ್ಯೂಡೊಸ್ತೊಮೊಸ್ ನದಿಗಳ ನಡುವೆ’ ಇವೆಯೆಂಬ ಮಾತಿದೆ. ಬೆಂಡವೆಂದರೆ ಭೀಮೆಯೆಂದು ಕೆಲವರು ಹೇಳಿದ್ದಾರೆ. ಆದರೆ ಎರಡನೆಯದನ್ನು ಸಾಮಾನ್ಯವಾಗಿ ಕೇರಳದ ಪೆರಿಯಾರ್ ಎಂದು ಗುರುತಿಸುವುದರಿಂದ ಆ ನಡುವಣ ಸೀಮೆ ಬಹು ವಿಶಾಲವಾದದ್ದು. ಮೇಲಾಗಿ ಆ ಗ್ರಂಥದ ಈಗ ಉಳಿದಿರುವ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳು ಹದಿಮೂರನೆಯ ಶತಮಾನದ ಆಸುಪಾಸಿನವು. ಸಾವಿರ ವರ್ಷ ಪ್ರತಿಯಿಂದ ಪ್ರತಿಗೆ ಇಳಿಯುವಾಗ ಅಪರಿಚಿತ ಹೆಸರುಗಳು ಎಷ್ಟು ಬದಲಾಗಿರಬಹುದೆಂದು ಊಹಿಸಬಹುದು.

ಹಿಪ್ಪೊಕೌರದ ಸಂಗತಿ ಇನ್ನೂ ತೊಡಕಿನದು. ಹಿಪ್ಪರಗಿಯೆಂಬ ಊರು ಈ ಸೀಮೆಯಲ್ಲಿ ಒಂದಲ್ಲ. ದೇವರ ಹಿಪ್ಪರಗಿಯಿದೆ, ಜಮಖಂಡಿಯ ಕಡೆ ಕೃಷ್ಣೆಯ ದಡದಲ್ಲಿ ಮತ್ತೊಂದಿದೆ. ಹಿಪ್ಪೊಕೌರವು ಬಲೆಯೊಕೌರನೆಂಬ ಅರಸನ ರಾಜಧಾನಿಯೆಂದು ಟಾಲೆಮಿ ಹೇಳುತ್ತಾನೆ. ‘ವಿಳಿವಾಯಕುರ’ ಎಂಬ ಹೆಸರುಳ್ಳ, ಬಿಲ್ಲುಬಾಣದ ಚಿಹ್ನೆಯ ನಾಣ್ಯಗಳು ದೊರೆತಿವೆ. ಬಲೆಯೊಕೌರನೆಂದರೆ ಈತನೇ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಆ ನಾಣ್ಯಗಳು ಹೆಸರುವಾಸಿಯಾದದ್ದು ಕೊಲ್ಲಾಪುರದಿಂದ. ರೋಮನ್ ಲೋಕದಿಂದ ಬಂದ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಪುಟ್ಟ ವಿಗ್ರಹ ಸಿಕ್ಕಿದ್ದೂ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿಯೇ. ಹೀಗಾಗಿ ಹಿಪ್ಪೊಕೌರವು ಕೊಲ್ಲಾಪುರವೆಂಬ ವಾದಕ್ಕೂ ಬಲವಿದೆ.

ಇಂಥ ವಿವಾದ ಬಗೆಹರಿಯುವುದು ಹೇಗೆ ಎಂಬುದಕ್ಕೆ ತಗರವೇ ಒಳ್ಳೆಯ ಉದಾಹರಣೆ. ಅದನ್ನು ಒಮ್ಮೆ ದೌಲತಾಬಾದ್ ಎಂದರು, ಒಮ್ಮೆ ಜುನ್ನರ್ ಎಂದರು, ಒಮ್ಮೆ ಕೊಲ್ಲಾಪುರವೆಂದರು. ಕನ್ನಡ ಶಾಸನಗಳ ಅಧ್ಯಯನದಲ್ಲಿ ಪ್ರಸಿದ್ಧರಾದ ಜೆ.ಎಫ್. ಫ್ಲೀಟ್ ಅವರು 1901ರಲ್ಲಿ ಅದು ತೇರ್ ಎಂದು ತೋರಿಸಿಕೊಟ್ಟರು. ಪೆರಿಪ್ಲಸ್ ಹೇಳುವ ದೂರ ಅಲ್ಲಿಗೆ ಹೊಂದುತ್ತಿತ್ತು. ಶಿಲಾಹಾರ ಅರಸರು ತಮ್ಮನ್ನು ತಗರಪುರದ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಂಡಿದ್ದರು. ಮುಂದೆ ನೆಲವೂ ಸಾಕ್ಷಿ ನುಡಿಯಿತು. ತೇರ್‌ನಲ್ಲಿ ಸಿಕ್ಕ ದಂತದ ಸ್ತ್ರೀಮೂರ್ತಿಯು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೆ ನಗರದಲ್ಲಿ ದೊರೆತ ಭಾರತೀಯ ದಂತಮೂರ್ತಿಗೆ ಹತ್ತಿರದ ಹೋಲಿಕೆಯುಳ್ಳದ್ದು. ಗ್ರಂಥ, ಶಾಸನ, ಮಣ್ಣು ಮೂರೂ ಒಂದೇ ಮಾತು ಹೇಳಿದ ಮೇಲೆ ವಾದ ಮುಗಿಯಿತು.

ಕರ್ನಾಟಕದ ನೆಲವೂ ಬೇರೆಡೆ ಹೀಗೆ ಸಾಕ್ಷಿ ನುಡಿದಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಬಯಲಾಯಿತು. ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಕೊನೆಗಾಲದ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿವೆ. ಇಂಡಿ, ಸಿಂದಗಿಗಳನ್ನು ಬಳಸಿ ಹರಿಯುವ ಭೀಮೆಯೇ ಮುಂದೆ ಸನ್ನತಿಯನ್ನು ಮುಟ್ಟುತ್ತಾಳೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1994ರ ನಂತರ ಅಗೆದಾಗ ಸಾತವಾಹನ ಅರಸರ ಹೆಸರುಳ್ಳ ಬೌದ್ಧ ಸ್ತೂಪವೇ ಎದ್ದುಬಂತು. ಅಲ್ಲಿಯವರೆಗೆ ಅದು ಊರಿನವರ ಪಾಲಿಗೆ ಕೇವಲ ದಿಬ್ಬ.

ದಖ್ಖನಿನ ಹಳ್ಳಿಗಳ ಪಕ್ಕದಲ್ಲಿ ಅಂಥ ದಿಬ್ಬಗಳು ಅಪರೂಪವಲ್ಲ. ಬೂದಿ ಬೆರೆತ ಹಾಳುಮಣ್ಣು ಮಾಳಿಗೆಗೆ ಒಳ್ಳೆಯದು, ಹೊಲಕ್ಕೂ ಗೊಬ್ಬರ ಎಂದು ಜನ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದರು, ಟ್ರ್ಯಾಕ್ಟರು ಬಂದ ಮೇಲೆ ಕೆಲಸ ಬೇಗವಾಯಿತು. ಅವರನ್ನು ದೂರುವಂತಿಲ್ಲ, ಅದರೊಳಗೆ ಏನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇತ್ತ ಕೃಷ್ಣೆಯ ದಡದ ಎಷ್ಟೋ ಹಳ್ಳಿಗಳು ನಾರಾಯಣಪುರ ಮತ್ತು ಆಲಮಟ್ಟಿ ಜಲಾಶಯಗಳಲ್ಲಿ ಮುಳುಗಿದವು. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ನೀರು ಈ ಬರದ ಸೀಮೆಗೆ ಬೇಕೇ ಬೇಕು. ಆದರೆ ಅದು ಏರುವ ಮುನ್ನ ಮುಳುಗಲಿರುವ ನೆಲವನ್ನು ಒಮ್ಮೆ ಕೆದಕಿ ನೋಡುವುದಕ್ಕೆ ದೊಡ್ಡ ವೆಚ್ಚವೇನೂ ತಗಲದು.

ಟಾಲೆಮಿಯ ಇಂದೆಯು ಇಂಡಿ ಹೌದೇ, ಹಿಪ್ಪೊಕೌರವು ಹೂವಿನ ಹಿಪ್ಪರಗಿ ಹೌದೇ ಎಂಬ ಪ್ರಶ್ನೆಗೆ ಗ್ರೀಕ್ ಗ್ರಂಥ ಇನ್ನು ಹೊಸದೇನನ್ನೂ ಹೇಳಲಾರದು. ಉತ್ತರವೇನಾದರೂ ಇದ್ದರೆ ಅದು ಮಡಕೆಯ ಚೂರಿನಲ್ಲಿ, ತುಕ್ಕು ಹಿಡಿದ ನಾಣ್ಯದಲ್ಲಿ, ಊರ ಪಕ್ಕದ ದಿಬ್ಬದಲ್ಲಿದೆ. ಆ ಮಣ್ಣು ಉಳಿದಿದ್ದರೆ ಮಾತ್ರ ಅದು ದೊರೆತೀತು.