ಹಸಿರು ಸರಳುಗಳ ಕತೆ

ನಾನು ಓದಿದ್ದು ಸಿವಿಲ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರ್. ನಮ್ಮ ಪೀಳಿಗೆಯಲ್ಲಿ ಇದೇನೂ ಹೊಸದಲ್ಲ ಬಿಡಿ :) ಆದರೆ ಟೆಸ್ಟಿಂಗ್ ಅನ್ನೋ ಮಾತು ಬಂದಾಗಲೆಲ್ಲ ನಂಗೆ ನೆನಪಾಗೋದು ಅಮೆರಿಕದ ಫ್ಲೋರಿಡಾದ ಕೆಲವು ಸೇತುವೆಗಳು.

ಮೊದಲು ಸ್ವಲ್ಪ ಹಿನ್ನೆಲೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಸುಲಭಕ್ಕೆ ತುಕ್ಕು ಹಿಡಿಯೋದಿಲ್ಲ. ಸಿಮೆಂಟಿನ ಕ್ಷಾರಗುಣದಿಂದಾಗಿ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡಿರುತ್ತೆ. ಅದೇ ಅದಕ್ಕೆ ರಕ್ಷೆ. ಉಪ್ಪಿನ ಕ್ಲೋರೈಡ್ ನಿಧಾನವಾಗಿ ಒಳಗಿಳಿದು ಸರಳನ್ನು ಮುಟ್ಟಿತೋ, ಪೊರೆ ಒಡೆಯಿತು ಅಂತಲೇ ಲೆಕ್ಕ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು, ಹಾಗಾಗಿ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ, ಹಳೇ ಮನೆಗಳ ಸಜ್ಜಾ ನೋಡಿದರೆ ಸಾಕು.

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಉಪ್ಪು ಬಂದಿದ್ದು ಸಮುದ್ರದಿಂದಲ್ಲ, ಲಾರಿಯಲ್ಲಿ! ಎರಡನೇ ಮಹಾಯುದ್ಧದ ನಂತರ ರಸ್ತೆ ಮೇಲಿನ ಹಿಮ ಕರಗಿಸಲು ಉಪ್ಪು ಸುರಿಯೋದು ಜೋರಾಯಿತು. 1960ರ ದಶಕ ಮುಗಿಯುವ ಹೊತ್ತಿಗೆ ಸೇತುವೆಗಳ ಮೇಲ್ಹಾಸು ಚಕ್ಕೆ ಚಕ್ಕೆಯಾಗಿ ಏಳತೊಡಗಿತ್ತು. ಸರಳಿಗೇ ಏನಾದರೂ ಬಳಿದು ಕಾಪಾಡಬಹುದೇ ಅಂತ ನೋಡಲು ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್ ಆಗಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ಗೆ ಹೇಳಿತು. ಕ್ಲಿಫ್ಟನ್, ಬೀಗ್ಲಿ, ಮ್ಯಾಥಿ ಅನ್ನುವ ಮೂವರು 47 ಬಗೆಯ ಲೇಪನ ತಗೊಂಡು ಕೂತರು. ದ್ರಾವಣಗಳಲ್ಲಿ ಮುಳುಗಿಸಿದರು, ಬಳಿದ ಸರಳನ್ನು ಬಗ್ಗಿಸಿದರು, ಪೆಟ್ಟು ಹಾಕಿದರು, ಕಾಂಕ್ರೀಟಿನಿಂದ ಎಳೆದು ಹಿಡಿತ ಅಳೆದರು. ಗೆದ್ದಿದ್ದು, ಕಾಯಿಸಿದ ಸರಳಿನ ಮೇಲೆ ಪುಡಿ ಎರಚಿ ಕರಗಿಸುವ ಎಪಾಕ್ಸಿ. ವರದಿ ಬಂದಿದ್ದು 1974ರಲ್ಲಿ. ಆದರೆ 1973ರಲ್ಲೇ ಪೆನ್ಸಿಲ್ವೇನಿಯಾದ ವೆಸ್ಟ್ ಕಾನ್ಷೊಹಾಕನ್‌ನ ಸೇತುವೆಯಲ್ಲಿ ಈ ಸರಳು ಹಾಕಿಯಾಗಿತ್ತು. (ರಿಪೋರ್ಟಿಗೆ ಮೊದಲೇ ರಿಲೀಸು, ನಮ್ಮವರಿಗೆ ಚೆನ್ನಾಗಿ ಗೊತ್ತು!) ಕೆಲವೇ ವರ್ಷಗಳಲ್ಲಿ ಹಸಿರು ಸರಳುಗಳು ದೇಶದ ತುಂಬ ಹರಡಿದವು.

ಇನ್ನು ಫ್ಲೋರಿಡಾ. ಅದರ ದಕ್ಷಿಣ ತುದಿಯಿಂದ ಕೀ ವೆಸ್ಟ್ ತನಕ ಸಾಲು ದ್ವೀಪಗಳು, ಅವನ್ನು ಪೋಣಿಸಿದ ಉದ್ದುದ್ದ ಸೇತುವೆಗಳು. 1980ರ ಆಸುಪಾಸು ಅಲ್ಲಿ ಹೊಸ ಸೇತುವೆಗಳನ್ನು ಕಟ್ಟುವಾಗ ಕೆಳಭಾಗದ ಕಾಂಕ್ರೀಟಿಗೂ ಎಪಾಕ್ಸಿ ಸರಳೇ ಹಾಕಿದರು. 1986ರಲ್ಲಿ, ಕಟ್ಟಿ ಆರೇಳು ವರ್ಷವೂ ಆಗಿರಲಿಲ್ಲ, ಲಾಂಗ್ ಕೀ ಸೇತುವೆಯ ಬುಡದಲ್ಲಿ ಅಲೆ ಚಿಮ್ಮುವ ಎತ್ತರಕ್ಕೆ ಕಾಂಕ್ರೀಟು ಬಿರುಕುಬಿಟ್ಟಿತು. ಒಡೆದು ನೋಡಿದರೆ ಎಪಾಕ್ಸಿ ಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತಿತ್ತು, ಅದರಡಿಯಲ್ಲಿ ತುಕ್ಕು, ಆಮ್ಲಗುಣದ ದ್ರವ. ಆಲ್ಬರ್ಟೊ ಸಾಗ್ವೆಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಬೆನ್ನುಹತ್ತಿದರು. ಲೇಪನ ಬಳಿದ ಮೇಲೆ ಸರಳು ಬಗ್ಗಿಸುತ್ತಿದ್ದರು, ಸೈಟಿನಲ್ಲಿ ಬಿಸಿಲು-ಉಪ್ಪುಗಾಳಿಗೆ ಬಿಟ್ಟಿರುತ್ತಿದ್ದರು. ಆಮೇಲೆ ಬೆಚ್ಚನೆಯ ಉಪ್ಪುನೀರು, ದಿನಾ ನೆನೆಯೋದು ಒಣಗೋದು. ಹೀಗೆ ವರ್ಷಗಟ್ಟಲೆ ನಡೆದಾಗ ಎಪಾಕ್ಸಿ ಉಕ್ಕಿನ ಮೇಲಿನ ಹಿಡಿತವನ್ನೇ ಬಿಟ್ಟುಬಿಡುತ್ತೆ.

ಹಾಗಂತ ಬ್ಯೂರೋದವರ ಪರೀಕ್ಷೆ ಸುಳ್ಳು ಅನ್ನೋಕಾಗಲ್ಲ. ಉತ್ತರದ ಸೇತುವೆಗಳ ಮೇಲ್ಹಾಸಿನಲ್ಲಿ ಈ ಸರಳುಗಳು ದಶಕಗಟ್ಟಲೆ ಚೆನ್ನಾಗಿಯೇ ಬಾಳಿವೆ. ಪರೀಕ್ಷೆ ಕೇಳಿದ ಪ್ರಶ್ನೆ ಅದೇ ಆಗಿತ್ತು: ಹಿಮದ ಊರು, ಲಾರಿಯ ಉಪ್ಪು, ಮೇಲ್ಹಾಸು. ಉತ್ತರವನ್ನು ಮಾತ್ರ ಬೇರೆ ಊರಿನವರು ಎತ್ತಿಕೊಂಡು ಹೋದರು. ನನ್ನ ಮಟ್ಟಿಗೆ ಕತೆಯ ತಿರುಳು ಇಲ್ಲಿದೆ. ನಮ್ಮಲ್ಲೂ ಎಪಾಕ್ಸಿ ಸರಳಿಗೆ ಐಎಸ್ 13620 ಅನ್ನುವ ಮಾನಕ 1993ರಲ್ಲಿ ಬಂತು. ನಮ್ಮ ಕರಾವಳಿ ಹವೆ ಪೆನ್ಸಿಲ್ವೇನಿಯಾಕ್ಕಿಂತ ಫ್ಲೋರಿಡಾಕ್ಕೆ ಹತ್ತಿರ ಅನ್ನೋದನ್ನ ನೆನಪಿಡಿ.

ಫ್ಲೋರಿಡಾದಿಂದ ಕೊಲ್ಲಿ ದಾಟಿದರೆ ಮೆಕ್ಸಿಕೋದ ಪ್ರೊಗ್ರೆಸೊ ಅನ್ನುವ ಬಂದರು. ಅಲ್ಲಿ 1937ರಿಂದ 1941ರವರೆಗೆ ಕಟ್ಟಿದ ಉದ್ದನೆಯ ಕಟ್ಟೆಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿದ್ದರು. 1990ರ ದಶಕದ ಕೊನೆಯಲ್ಲಿ ಕೊರೆದು ನೋಡಿದಾಗ ಹೇಳಿಕೊಳ್ಳುವಂಥ ತುಕ್ಕೇ ಇರಲಿಲ್ಲ. ಅದರ ಪಕ್ಕದಲ್ಲಿ, ದಶಕಗಳ ನಂತರ ಮಾಮೂಲಿ ಉಕ್ಕು ಹಾಕಿ ಕಟ್ಟಿದ ಇನ್ನೊಂದು ಕಟ್ಟೆಯಲ್ಲಿ ಅಷ್ಟೊತ್ತಿಗೆ ಉಳಿದಿದ್ದು ನೀರಿನಲ್ಲಿ ನಿಂತ ಒಂದಿಷ್ಟು ಮೋಟು ಕಂಬಗಳು.