ಅಗ್ಗದ ಭಯಾನಕ ಚಿತ್ರಗಳು ಮತ್ತು ಅವುಗಳ ಅಭಿಮಾನಿ ಬಳಗ

ಸಣ್ಣ ಬಂಡವಾಳದಲ್ಲಿ ತಯಾರಾಗಿ, ಬಿಡುಗಡೆಯ ಹೊತ್ತಿಗೆ ವಿಮರ್ಶಕರ ಅಲಕ್ಷ್ಯಕ್ಕೋ ತಿರಸ್ಕಾರಕ್ಕೋ ಗುರಿಯಾಗಿ, ಮುಂದೆ ಪಟ್ಟುಬಿಡದ ಕೆಲವೇ ಪ್ರೇಕ್ಷಕರ ಒಲವಿನಿಂದ ಉಳಿದುಕೊಂಡ ಭಯಾನಕ ಚಿತ್ರಗಳನ್ನು ಕಲ್ಟ್ ಚಿತ್ರಗಳೆಂದು ಕರೆಯುವುದು ರೂಢಿ. ಅಂಥ ಪ್ರೇಕ್ಷಕರ ಬಳಗ ಅಮೆರಿಕದಲ್ಲಿ 1950ರ ದಶಕದಿಂದ ಬೆಳೆದ ಬಗೆಯನ್ನು ಈ ಲೇಖನ ವಿವರಿಸುತ್ತದೆ. ವಿಶ್ವವಿದ್ಯಾಲಯಗಳು ಈ ಚಿತ್ರಗಳತ್ತ ಕಣ್ಣೆತ್ತಿಯೂ ನೋಡದ ಕಾಲದಲ್ಲಿ ಅವುಗಳ ಚರಿತ್ರೆಯನ್ನು ಬರೆದಿಟ್ಟವರು ಅಭಿಮಾನಿಗಳು. ಅವರು ಕಾಗದದಲ್ಲಿ, ಪತ್ರಿಕೆಗಳಲ್ಲಿ, ಚಿತ್ರಮಂದಿರದ ಬಾಗಿಲಲ್ಲಿ ನಡೆಸಿದ ಹರಟೆಯೇ ಈ ಪ್ರಕಾರದ ಮೊದಲ ದಾಖಲೆ.

ಆರಂಭ

1954ರಲ್ಲಿ ಲಾಸ್ ಏಂಜಲೀಸ್‌ನ ಒಂದು ಟೆಲಿವಿಷನ್ ಕೇಂದ್ರದಲ್ಲಿ ಮೈಲಾ ನುರ್ಮಿ ಎಂಬ ನಟಿ ಕಪ್ಪು ಉಡುಪು ತೊಟ್ಟು, ವ್ಯಾಂಪೈರಾ ಎಂಬ ಹೆಸರಿನಲ್ಲಿ ಹಳೆಯ ಚಿತ್ರಗಳನ್ನು ಪರಿಚಯಿಸತೊಡಗಿದಳು. 1957ರಲ್ಲಿ ಸ್ಕ್ರೀನ್ ಜೆಮ್ಸ್ ಸಂಸ್ಥೆ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳನ್ನು 'ಷಾಕ್' ಎಂಬ ಒಂದೇ ಕಟ್ಟಿನಲ್ಲಿ ಟೆಲಿವಿಷನ್ ಕೇಂದ್ರಗಳಿಗೆ ಮಾರಿತು. 1931ರ ಡ್ರಾಕುಲಾ, ಫ್ರಾಂಕನ್‌ಸ್ಟೈನ್ ಚಿತ್ರಗಳನ್ನು ಒಂದು ಇಡೀ ಪೀಳಿಗೆಯ ಮಕ್ಕಳು ಮನೆಯಲ್ಲೇ ಕೂತು ನೋಡಿದರು. ನೋಡಿದ್ದನ್ನು ಮಾತಾಡಿಕೊಳ್ಳಲು ಅವರಿಗೆ ಒಂದು ಜಾಗ ಬೇಕಾಗಿತ್ತು.

ಆ ಜಾಗವನ್ನು ಒದಗಿಸಿದ್ದು 1958ರಲ್ಲಿ ಹೊರಬಂದ 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್' ಪತ್ರಿಕೆ. ಪ್ರಕಾಶಕ ಜೇಮ್ಸ್ ವಾರನ್, ಸಂಪಾದಕ ಫಾರೆಸ್ಟ್ ಜೆ. ಆಕರ್ಮನ್. ಒಂದೇ ಸಂಚಿಕೆಯೆಂದು ಯೋಚಿಸಿದ್ದು 1983ರವರೆಗೆ ನಡೆಯಿತು. ಪತ್ರಿಕೆಯ ಬರವಣಿಗೆ ಎಳೆಯರಿಗೆ ತಕ್ಕಂತೆ ಶ್ಲೇಷೆಗಳಿಂದ ತುಂಬಿರುತ್ತಿತ್ತು. ಆದರೂ ತೆರೆಯ ಹಿಂದೆ ದುಡಿದ ಮೇಕಪ್ ಕಲಾವಿದರ, ತಂತ್ರಜ್ಞರ ಹೆಸರುಗಳನ್ನು ಓದುಗರಿಗೆ ಕಲಿಸಿದ್ದು ಅದರ ದೊಡ್ಡ ಕೊಡುಗೆ. 1965ರಲ್ಲಿ ಮೇಕಪ್ ಕಲಾವಿದ ಡಿಕ್ ಸ್ಮಿತ್, ಮನೆಯ ಸಾಮಾನುಗಳಲ್ಲೇ ರಾಕ್ಷಸ ವೇಷ ಹಾಕಿಕೊಳ್ಳುವುದನ್ನು ತೋರಿಸುವ ಕೈಪಿಡಿಯನ್ನು ಇದೇ ಪ್ರಕಾಶನದಿಂದ ಹೊರತಂದ. ಪತ್ರಿಕೆಯ ಓದುಗರಲ್ಲಿ ಒಬ್ಬನಾದ ರಿಕ್ ಬೇಕರ್ ಮುಂದೆ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' (1981) ಚಿತ್ರದ ಮೇಕಪ್‌ಗೆ ಆಸ್ಕರ್ ಪಡೆದ. ಇನ್ನೊಬ್ಬ ಓದುಗ, ಹದಿಹರೆಯದ ಜೋ ಡಾಂಟೆ, ಅತ್ಯಂತ ಕೆಟ್ಟ ಭಯಾನಕ ಚಿತ್ರಗಳ ಪಟ್ಟಿ ಮಾಡಿ ಕಳಿಸಿದ್ದು 1962ರಲ್ಲಿ ಅಚ್ಚಾಯಿತು. ಆತನೇ ಮುಂದೆ 'ಗ್ರೆಮ್ಲಿನ್ಸ್' (1984) ನಿರ್ದೇಶಿಸಿದ.

ನಡುರಾತ್ರಿಯ ಪ್ರದರ್ಶನಗಳು

1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದಲ್ಲಿ ಬೆನ್ ಬ್ಯಾರನ್‌ಹೋಲ್ಟ್ಸ್ 'ಎಲ್ ಟೋಪೊ' ಚಿತ್ರವನ್ನು ಮಧ್ಯರಾತ್ರಿಗೆ ಹಾಕಿದ. ಅಲ್ಲಿಂದ ಒಂದು ಪದ್ಧತಿಯೇ ಬೆಳೆಯಿತು. ಭಯಾನಕ ಚಿತ್ರಗಳ ಮಟ್ಟಿಗೆ ಅದರ ದೊಡ್ಡ ಫಲಾನುಭವಿ ಜಾರ್ಜ್ ರೊಮೆರೊ ನಿರ್ದೇಶನದ 'ನೈಟ್ ಆಫ್ ದ ಲಿವಿಂಗ್ ಡೆಡ್'.

ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಗೆಳೆಯರು ಸೇರಿ ಸುಮಾರು 1,14,000 ಡಾಲರಿನಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರವಿದು. 1968ರ ಅಕ್ಟೋಬರ್ 1ರಂದು ಅದೇ ಊರಿನಲ್ಲಿ ಮೊದಲ ಪ್ರದರ್ಶನ ಕಂಡಿತು. ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದರು. ಬಂಡವಾಳ ಹಾಕಿದವರಲ್ಲೊಬ್ಬ ಮಾಂಸದ ವ್ಯಾಪಾರಿಯಾದ್ದರಿಂದ ಕರುಳು-ಮಾಂಸಕ್ಕೆ ಕೊರತೆಯಾಗಲಿಲ್ಲ. ನಾಯಕ ಬೆನ್‌ನ ಪಾತ್ರವನ್ನು ಕರಿಯ ನಟ ಡ್ವೇನ್ ಜೋನ್ಸ್ ವಹಿಸಿದ್ದು, ಕೊನೆಯಲ್ಲಿ ರಕ್ಷಿಸಲು ಬಂದವರ ಗುಂಡಿಗೇ ಆತ ಬಲಿಯಾಗುವುದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲಿ ಚಿತ್ರಕ್ಕೆ ಬೇರೊಂದು ತೂಕ ತಂದುಕೊಟ್ಟಿತು. ಹಗಲಿನ ಆಟದಲ್ಲಿ ಮಕ್ಕಳು ಕಂಗಾಲಾಗಿ ಅತ್ತದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಬರೆದ ಲೇಖನ ರೀಡರ್ಸ್ ಡೈಜೆಸ್ಟ್‌ನಲ್ಲೂ ಮರುಮುದ್ರಣಗೊಂಡಿತು.

ಅಭಿಮಾನಿಗಳ ನಡುವೆ ಈ ಚಿತ್ರ ಹುಟ್ಟುಹಾಕಿದ ವಾದವೊಂದು ಇಂದಿಗೂ ಮುಗಿದಿಲ್ಲ. ಎದ್ದು ನಡೆಯುವ ಹೆಣಗಳು ಬೆನ್ ಮತ್ತಿತರರು ಅಡಗಿರುವ ಮನೆಯನ್ನು ಮುತ್ತಿದಾಗ ಮೇಲೇ ಇದ್ದು ಕಿಟಕಿಗಳಿಗೆ ಹಲಗೆ ಬಡಿಯೋಣ ಎನ್ನುತ್ತಾನೆ ಬೆನ್. ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಳ್ಳೋಣ ಎನ್ನುತ್ತಾನೆ ಅದೇ ಮನೆಯಲ್ಲಿ ಅಡಗಿರುವ ಹ್ಯಾರಿ ಕೂಪರ್. ಪ್ರೇಕ್ಷಕನ ಒಲವೆಲ್ಲ ಬೆನ್ ಕಡೆಗೆ. ಆದರೆ ಬೆಳಗಿನವರೆಗೆ ಬೆನ್ ಬದುಕುಳಿಯುವುದು ಅದೇ ನೆಲಮಾಳಿಗೆಯಲ್ಲಿ. ಕೂಪರ್ ಹೇಳಿದ್ದೇ ಸರಿಯಿತ್ತೇ, ಅಥವಾ ಇಬ್ಬರೂ ಒಂದಾಗಿದ್ದರೆ ಮೇಲಿನ ಮನೆಯೇ ಸಾಕಿತ್ತೇ? ಚಿತ್ರದ ಒಳಹೆಣಿಗೆಯನ್ನು ಇಷ್ಟು ಚೆನ್ನಾಗಿ ಬಿಚ್ಚಿಡುವ ಪ್ರಶ್ನೆಯನ್ನು ವೃತ್ತಿ ವಿಮರ್ಶಕರು ಕೇಳಿದ್ದು ವಿರಳ.

ಚಿತ್ರ ಎಲ್ಲೆಡೆ ಹರಡಲು ಇನ್ನೊಂದು ಕಾರಣ ಕಾನೂನಿನದು. ಆಗ ಜಾರಿಯಲ್ಲಿದ್ದ 1909ರ ಅಮೆರಿಕನ್ ಕಾಯ್ದೆಯ ಪ್ರಕಾರ, ಬಿಡುಗಡೆಯಾದ ಪ್ರಿಂಟುಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಇರಲೇಬೇಕಿತ್ತು. ಚಿತ್ರದ ಮೊದಲ ಹೆಸರು 'ನೈಟ್ ಆಫ್ ದ ಫ್ಲೆಷ್ ಈಟರ್ಸ್'. ಸೂಚನೆ ಇದ್ದದ್ದು ಆ ಟೈಟಲ್ ಕಾರ್ಡಿನ ಮೇಲೆ. ವಿತರಕರಾದ ವಾಲ್ಟರ್ ರೀಡ್ ಸಂಸ್ಥೆಯವರು ಹೆಸರು ಬದಲಿಸಿ ಹೊಸ ಕಾರ್ಡು ಹಾಕಿದಾಗ ಹಳೆಯ ಕಾರ್ಡಿನ ಜತೆ ಸೂಚನೆಯೂ ಹೋಯಿತು. ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾವ ಟೆಲಿವಿಷನ್ ಕೇಂದ್ರವಾದರೂ ದುಡ್ಡು ಕೊಡದೆ ತೋರಿಸಬಹುದಿತ್ತು, ಯಾವ ಕ್ಯಾಸೆಟ್ ಕಂಪನಿಯಾದರೂ ಮಾರಬಹುದಿತ್ತು. ತಯಾರಕರಿಗೆ ಸಿಗಬೇಕಾದ ಹಣ ಸಿಗಲಿಲ್ಲ, ಅದು ಅನ್ಯಾಯವೇ. ಆದರೆ ಸವೆದ ಪ್ರಿಂಟಿನಿಂದ ತೆಗೆದ ಆ ಮಬ್ಬು ಕ್ಯಾಸೆಟ್ಟುಗಳು ಮನೆಮನೆ ತಲುಪಿದ್ದರಿಂದಲೇ ಚಿತ್ರ ಇಷ್ಟು ದೊಡ್ಡ ಬಳಗವನ್ನು ಕಟ್ಟಿಕೊಂಡಿತು ಎಂಬುದನ್ನೂ ಒಪ್ಪಬೇಕಾಗುತ್ತದೆ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದ ಈ ಚಿತ್ರವನ್ನು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಷನ್ ಸೇರಿ ಪುನರುಜ್ಜೀವನಗೊಳಿಸಿದವು.

ಜೆರಾಕ್ಸ್ ಪತ್ರಿಕೆಗಳು

1980ರ ಸುಮಾರಿಗೆ ಅಭಿಮಾನಿಗಳೇ ಬರೆದು, ಜೆರಾಕ್ಸ್ ತೆಗೆದು, ಪಿನ್ನು ಹೊಡೆದು ಅಂಚೆಯಲ್ಲಿ ಕಳಿಸುವ ಪತ್ರಿಕೆಗಳು ಕಾಣಿಸಿಕೊಂಡವು. ಬಿಲ್ ಲ್ಯಾಂಡಿಸ್‌ನ 'ಸ್ಲೀಜಾಯ್ಡ್ ಎಕ್ಸ್‌ಪ್ರೆಸ್' ನ್ಯೂಯಾರ್ಕಿನ 42ನೆಯ ಬೀದಿಯ ಚಿತ್ರಮಂದಿರಗಳನ್ನು ಕುರಿತದ್ದು. ಅಲ್ಲಿನ ಪರದೆಯ ಜತೆಗೆ ಕುರ್ಚಿಗಳಲ್ಲಿ ಕೂತವರ ಚಿತ್ರವೂ ಅದರಲ್ಲಿ ಸಿಗುತ್ತದೆ. ಆ ಬೀದಿಯ ಮಂದಿರಗಳು ಮುಚ್ಚಿಹೋದ ಮೇಲೆ ಅದಕ್ಕೆ ಸಮಾಜ ಚರಿತ್ರೆಯ ಬೆಲೆ ಬಂದಿದೆ. ಕ್ಲೀವ್‌ಲ್ಯಾಂಡ್ ಊರಿನ ಮೈಕಲ್ ವೆಲ್ಡನ್ ನ್ಯೂಯಾರ್ಕಿನಲ್ಲಿದ್ದಾಗ ಆ ವಾರ ಟೆಲಿವಿಷನ್ನಿನಲ್ಲಿ ಬರುವ ವಿಚಿತ್ರ ಚಿತ್ರಗಳ ಕೈಬರಹದ ಪಟ್ಟಿಯನ್ನು ಹಂಚುತ್ತಿದ್ದ. ಅದೇ ಬೆಳೆದು 1983ರಲ್ಲಿ 3,000ಕ್ಕೂ ಹೆಚ್ಚು ಚಿತ್ರಗಳ 'ಸೈಕೋಟ್ರಾನಿಕ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲ್ಮ್' ಆಯಿತು. ಅಚ್ಚುಕಟ್ಟಾದ ಅಂಗಡಿ ಪತ್ರಿಕೆಗಳಲ್ಲಿ 1979ರಲ್ಲಿ ಆರಂಭವಾದ 'ಫ್ಯಾಂಗೋರಿಯಾ' ಮುಖ್ಯವಾದದ್ದು.

ಒಂದೇ ಚಿತ್ರ, ಹಲವು ಪ್ರತಿಗಳು

ಹೊರಗಿನವರಿಗೆ ಕ್ಷುಲ್ಲಕವೆಂದು ತೋರಿದರೂ ಅಭಿಮಾನಿಗಳು ಮಾಡಿದ ಅತ್ಯಂತ ಮಹತ್ವದ ಕೆಲಸ ಪಾಠಾಂತರಗಳ ಹೋಲಿಕೆ. ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಓಲೆ ಓಲೆಯನ್ನೂ ಎದುರುಬದುರು ಇಟ್ಟು ನೋಡುವಂತೆ ಇವರು ಕ್ಯಾಸೆಟ್ಟುಗಳನ್ನು ನೋಡಿದರು.

ಇಟಲಿಯ ಮಾರಿಯೋ ಬಾವಾನ 1960ರ 'ಲಾ ಮಾಸ್ಕೆರಾ ದೆಲ್ ದೆಮೋನಿಯೋ' ಒಳ್ಳೆಯ ಉದಾಹರಣೆ. ಅಮೆರಿಕದ ವಿತರಕರು ಅದರ ಕ್ರೌರ್ಯದ ದೃಶ್ಯಗಳಿಗೆ ಕತ್ತರಿ ಹಾಕಿ, ಮಾತುಗಳನ್ನು ಮರುಡಬ್ ಮಾಡಿಸಿ, ರೊಬೆರ್ತೊ ನಿಕೊಲೊಸಿಯ ಸಂಗೀತದ ಬದಲು ಲೆಸ್ ಬ್ಯಾಕ್ಸ್‌ಟರ್‌ನ ಸಂಗೀತ ಕೂಡಿಸಿ, 'ಬ್ಲ್ಯಾಕ್ ಸಂಡೇ' ಎಂದು ಹೆಸರಿಟ್ಟರು. ಬ್ರಿಟನ್ನಿನಲ್ಲಿ ಅದು 1968ರವರೆಗೆ ಬಿಡುಗಡೆಯಾಗಲೇ ಇಲ್ಲ. ಆದಾಗ 'ರಿವೆಂಜ್ ಆಫ್ ದ ವ್ಯಾಂಪೈರ್' ಎಂಬ ಮೂರನೆಯ ಹೆಸರು. ಹೀಗಿರುವಾಗ ಇಬ್ಬರು ಒಂದೇ ಚಿತ್ರದ ಬಗ್ಗೆ ಜಗಳವಾಡುತ್ತಿದ್ದರೂ ಅವರು ನೋಡಿದ್ದು ಒಂದೇ ಚಿತ್ರವಾಗಿರಬೇಕಿಲ್ಲ. ಅಗಲ ಪರದೆಗೆ ತೆಗೆದದ್ದನ್ನು ಟೆಲಿವಿಷನ್ನಿನ ಚೌಕಕ್ಕೆ ಹೊಂದಿಸಲು ಎರಡೂ ಬದಿ ಕೊಯ್ದಾಗ ಅಂಚಿನಲ್ಲಿ ನಿಂತಿದ್ದ ಪಾತ್ರವೇ ಮಾಯವಾಗುತ್ತಿದ್ದದ್ದೂ ಉಂಟು.

ಸಿನ್ಸಿನಾಟಿಯ ಟಿಮ್ ಲ್ಯೂಕಸ್ ಮತ್ತು ಆತನ ಹೆಂಡತಿ ಡಾನಾ 1990ರಿಂದ 2017ರವರೆಗೆ ನಡೆಸಿದ 'ವಿಡಿಯೊ ವಾಚ್‌ಡಾಗ್' ಇಂಥ ವ್ಯತ್ಯಾಸಗಳಿಗೇ ಮೀಸಲಾಗಿತ್ತು: ಯಾವ ಪ್ರತಿಯಲ್ಲಿ ಎಷ್ಟು ಸೆಕೆಂಡು ಕಡಿಮೆ, ಚೌಕಟ್ಟಿನ ಅಳತೆ ಎಷ್ಟು, ಬಣ್ಣ ಸರಿಯಿದೆಯೇ. ಲ್ಯೂಕಸ್ 2007ರಲ್ಲಿ ಹೊರತಂದ ಬಾವಾ ಕುರಿತ ಬೃಹತ್ ಗ್ರಂಥಕ್ಕೆ ಸಮನಾದದ್ದನ್ನು ಈ ಕ್ಷೇತ್ರದಲ್ಲಿ ತೋರಿಸುವುದು ಕಷ್ಟ.

ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನಿನ ಭಯವೂ ಸೇರಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಅಶ್ಲೀಲವೆಂದು ಮೊಕದ್ದಮೆಗೆ ಗುರಿಯಾಗಬಹುದಾದ ಕ್ಯಾಸೆಟ್ಟುಗಳ ಸರ್ಕಾರಿ ಪಟ್ಟಿಯಲ್ಲಿ ಒಟ್ಟು 72 ಚಿತ್ರಗಳು ಸೇರಿದವು. ಸ್ಯಾಮ್ ರೇಮಿಯ 'ದ ಈವಿಲ್ ಡೆಡ್' (1981) ಅವುಗಳಲ್ಲೊಂದು. 1984ರ ಕಾಯ್ದೆ ಕ್ಯಾಸೆಟ್ಟುಗಳಿಗೆ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಅಭಿಮಾನಿಗಳಿಗೆ ಆ ಪಟ್ಟಿಯೇ ಹುಡುಕಬೇಕಾದ ಚಿತ್ರಗಳ ಪಟ್ಟಿಯಾಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಾಗಲೆಲ್ಲ ಕೆಂಪು ಬಣ್ಣ ಗೆರೆ ದಾಟಿ ಹರಡುತ್ತದೆ, ಕತ್ತಲಿನ ದೃಶ್ಯ ಬೂದಿಯಾಗುತ್ತದೆ, ಮಾತಿನ ಹಿಂದೆ ಹಿಸ್ಸೆಂಬ ಸದ್ದು ಏರುತ್ತದೆ. ನಾಲ್ಕೈದು ಕೈ ದಾಟಿದ ಪ್ರತಿಯಲ್ಲಿ ನೋಡಿದವರು ಆ ಚಿತ್ರಗಳನ್ನು ಅರ್ಧ ಕಣ್ಣಿನಿಂದ, ಅರ್ಧ ಗೆಳೆಯರ ವಿವರಣೆಯಿಂದ ತಿಳಿದುಕೊಂಡರು.

'ಅತಿ ಕೆಟ್ಟ' ಚಿತ್ರಗಳು

ಎಡ್ ವುಡ್ ಎಂಬ ನಿರ್ದೇಶಕ 1978ರಲ್ಲಿ ಬಡತನದಲ್ಲಿ ತೀರಿಕೊಂಡ. 1980ರಲ್ಲಿ ಮೆಡ್ವೆಡ್ ಸಹೋದರರ ಪುಸ್ತಕವೊಂದು ಆತನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅನ್ನು ಜಗತ್ತಿನ ಅತಿ ಕೆಟ್ಟ ಚಿತ್ರವೆಂದು ಸಾರಿತು. ಚಿತ್ರಕ್ಕೆ ಹೊಸ ಪ್ರೇಕ್ಷಕರೇನೋ ಸಿಕ್ಕರು, ಆದರೆ ನಗು ಅಗ್ಗದ್ದಾಗಿತ್ತು. ಅದಕ್ಕಿಂತ ಘನವಾದದ್ದು ರುಡಾಲ್ಫ್ ಗ್ರೇ ಎಡ್ ವುಡ್‌ನ ಒಡನಾಡಿಗಳ ನೆನಪುಗಳನ್ನು ಕಲೆಹಾಕಿ 1992ರಲ್ಲಿ ತಂದ ಜೀವನ ಕಥನ; ಟಿಮ್ ಬರ್ಟನ್‌ನ 1994ರ ಚಿತ್ರಕ್ಕೆ ಅದೇ ಆಧಾರ.

ಟೆಕ್ಸಾಸಿನ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರನ್ 1966ರಲ್ಲಿ 'ಮಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್' ತೆಗೆದ. ಆತನ 16 ಮಿಲಿಮೀಟರ್ ಕ್ಯಾಮೆರಾಕ್ಕೆ ಗಡಿಯಾರದಂತೆ ಕೀಲಿ ಕೊಡಬೇಕಿತ್ತು. ಒಮ್ಮೆ ಕೀಲಿ ಕೊಟ್ಟರೆ 32 ಸೆಕೆಂಡು ಓಡುತ್ತಿತ್ತು. ಧ್ವನಿ ದಾಖಲಿಸುವ ಸೌಲಭ್ಯವೂ ಇಲ್ಲದೆ, ಬೆರಳೆಣಿಕೆಯ ಜನ ಎಲ್ಲ ಪಾತ್ರಗಳಿಗೂ ಆಮೇಲೆ ಮಾತು ಕೊಟ್ಟರು. ಮರೆತುಹೋಗಿದ್ದ ಈ ಚಿತ್ರ 1993ರಲ್ಲಿ ಹಳೆಯ ಚಿತ್ರಗಳನ್ನು ಗೇಲಿ ಮಾಡುವ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಕಾರ್ಯಕ್ರಮದಿಂದ ಬೆಳಕಿಗೆ ಬಂತು. ಮುಂದೆ ಬೆನ್ ಸೊಲೊವಿ ಎಂಬ ಅಭಿಮಾನಿ ಅದರ ಮೂಲ 16 ಮಿಲಿಮೀಟರ್ ರೀಲುಗಳನ್ನು ಪತ್ತೆಹಚ್ಚಿ, ಜನರಿಂದ ಹಣ ಕೂಡಿಸಿ ಶುಚಿಗೊಳಿಸಿದ. ಗೇಲಿಯಿಂದ ಶುರುವಾದದ್ದು ಸಂರಕ್ಷಣೆಗೆ ಮುಟ್ಟಿತು.

ಭಾರತದಲ್ಲಿ

ಹೋಲಿಕೆಗೆ ಸಲ್ಲುವವರು ಮುಂಬಯಿಯ ರಾಮ್‌ಸೇ ಸಹೋದರರು. 'ದೋ ಗಜ್ ಜಮೀನ್ ಕೆ ನೀಚೆ' (1972), 'ಪುರಾನಾ ಮಂದಿರ್' (1984), 'ವೀರಾನಾ' (1988) ಅವರ ಹೆಸರಾಂತ ಚಿತ್ರಗಳು. ಕ್ಯಾಮೆರಾ, ಧ್ವನಿ, ಸಂಕಲನ ಎಲ್ಲವನ್ನೂ ಮನೆಯವರೇ ಹಂಚಿಕೊಳ್ಳುತ್ತಿದ್ದುದು ಅವರ ಮಿತವ್ಯಯದ ಗುಟ್ಟು. ಹೊರದೇಶದ ಅಭಿಮಾನಿಗಳಿಗೆ ಇಂಥ ಚಿತ್ರಗಳನ್ನು ಪರಿಚಯಿಸಿದ್ದರಲ್ಲಿ ಪೀಟ್ ಟೂಂಬ್ಸ್‌ನ 'ಮಾಂಡೊ ಮಕಾಬ್ರೊ' (1997) ಪುಸ್ತಕದ ಪಾತ್ರ ದೊಡ್ಡದು. ತುಳಸಿ ಮತ್ತು ಶ್ಯಾಮ್ ರಾಮ್‌ಸೇ ವಿಷ್ಣುವರ್ಧನ್ ನಾಯಕರಾಗಿದ್ದ 'ಪೊಲೀಸ್ ಮತ್ತು ದಾದಾ' (1991) ಎಂಬ ಕನ್ನಡ ಚಿತ್ರವನ್ನೂ ನಿರ್ದೇಶಿಸಿದ್ದಾರೆ. ಆದರೆ ಅದು ಹೊಡೆದಾಟದ ಚಿತ್ರ. ಅವರ ಭಯಾನಕ ಚಿತ್ರಗಳನ್ನು ಹೊಸದಾಗಿ ನೋಡುವವರು 'ಪುರಾನಾ ಮಂದಿರ್'ನಿಂದ ಆರಂಭಿಸುವುದು ಒಳ್ಳೆಯದು.